ಪಾರ್ಕಿನ್ ಮಾಡುವುದು ಯಾವಾಗ?

ನಮ್ಮ ಕನ್ನಡ ಕೂಟದ ಪತ್ರಿಕೆಯ ನವೆಂಬರ್ ಸಂಚಿಕೆ ಎಂದರೆ ಸಂಪಾದಕೀಯದಲ್ಲಿ ರಾಜ್ಯೋತ್ಸವವೇ ಇರಬೇಕು. 1956, ಏಕೀಕರಣ, ಹಳದಿ ಕೆಂಪು ಬಾವುಟ ಎಲ್ಲವನ್ನೂ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದೆ. ಪುಟಗಳು ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು, ಈಗ ರಾತ್ರಿ ಹನ್ನೊಂದು ದಾಟಿದೆ. ಊಟಕ್ಕೆ ಕುಳಿತಾಗ ಮಗಳು ಕೇಳಿದ ಪ್ರಶ್ನೆಯೊಂದು ಮಾತ್ರ ತಲೆಯಿಂದ ಇಳಿಯುತ್ತಿಲ್ಲ: "ದೀಪಾವಳಿಗೆ ಪಾರ್ಕಿನ್ ಮಾಡುವುದು ಯಾವಾಗ?"

ಕಜ್ಜಾಯ ಯಾವಾಗ ಎಂದಲ್ಲ, ಹೋಳಿಗೆ ಯಾವಾಗ ಎಂದೂ ಅಲ್ಲ. ಇಂಗ್ಲೆಂಡಿನ ಈ ಲೀಡ್ಸ್‌ನಲ್ಲೇ ಹುಟ್ಟಿ ಬೆಳೆದ ಮಗುವಿಗೆ ನಮ್ಮ ಪಟಾಕಿಯೂ ನವೆಂಬರ್ 5ರ ಬಾನ್‌ಫೈರ್ ರಾತ್ರಿಯ ಪಟಾಕಿಯೂ ಸೇರಿ ಒಂದೇ ಉದ್ದನೆಯ ಹಬ್ಬ. ಅದರಲ್ಲಿ ನರಕಾಸುರನೂ ಇದ್ದಾನೆ, ಗೈ ಫಾಕ್ಸ್‌ನೂ ಇದ್ದಾನೆ. 1605ರಲ್ಲಿ ಪಾರ್ಲಿಮೆಂಟಿನ ಕೆಳಗೆ 36 ಪೀಪಾಯಿ ಸಿಡಿಮದ್ದಿನ ಜೊತೆ ಸಿಕ್ಕಿಬಿದ್ದ ಈ ಮಹಾಶಯ ನಮ್ಮ ಪಕ್ಕದ ಯಾರ್ಕ್‌ನವನು. ಆ ಸಂಚು ಮುರಿದ ನೆನಪಿಗೆ ಆ ರಾತ್ರಿ ಊರೂರಲ್ಲಿ ಅವನ ಬೊಂಬೆ ಸುಡುತ್ತಾರೆ, ಅವನು ಓದಿದ ಶಾಲೆಯಲ್ಲಿ ಮಾತ್ರ ಈಗಲೂ ಸುಡುವುದಿಲ್ಲ. ಹಳೆಯ ವಿದ್ಯಾರ್ಥಿಯ ಮರ್ಯಾದೆ!

ಹೊಸದಾಗಿ ಬಂದವರಿಗಾಗಿ ಒಂದು ಮಾತು. ಪಾರ್ಕಿನ್ ಎಂಬುದು ಆ ರಾತ್ರಿಗೆಂದೇ ಯಾರ್ಕ್‌ಷೈರಿನಲ್ಲಿ, ಗುಡ್ಡದಾಚೆಯ ಲ್ಯಾಂಕಾಷೈರಿನಲ್ಲಿ ಮಾಡುವ ಕೇಕ್. ಓಟ್ಸ್ ತರಿ, ಕಾಕಂಬಿ, ಒಣಶುಂಠಿ ಪುಡಿ ಇವೇ ಮುಖ್ಯ. ಇಲ್ಲಿನ ಚಳಿಗೂ ಮಳೆಗೂ ಗೋಧಿಗಿಂತ ಓಟ್ಸ್ ಚೆನ್ನಾಗಿ ಒಗ್ಗುತ್ತಿತ್ತು. ಆದ್ದರಿಂದ ಬಡವರ ರೊಟ್ಟಿ, ಗಂಜಿ, ಕೊನೆಗೆ ಹಬ್ಬದ ಸಿಹಿ ಕೂಡ ಓಟ್ಸ್‌ನದೇ ಆಯಿತು. ಇಂಗ್ಲೆಂಡಿನಲ್ಲಿ ಇದನ್ನು ಕುದುರೆಗೆ ಹಾಕುತ್ತಾರೆ, ಸ್ಕಾಟ್ಲೆಂಡಿನಲ್ಲಿ ಜನರೇ ತಿನ್ನುತ್ತಾರೆ ಎಂದು ಡಾ. ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಚುಚ್ಚಿದ. ಯಾರ್ಕ್‌ಷೈರಿನವರೂ ತಿನ್ನುತ್ತಿದ್ದರು ಎಂಬುದು ಲಂಡನ್ನಿನಲ್ಲಿ ಕುಳಿತವನಿಗೆ ಕಾಣಿಸಲಿಲ್ಲವೇನೋ. ರಾಗಿಯನ್ನು ಹಳಿದ ಅಕ್ಕಿಯನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಯಾರು ಗಟ್ಟಿ ಎಂದು ತೋರಿಸಿದ ಕನಕದಾಸರಂಥವರು ಓಟ್ಸ್‌ಗೆ ಸಿಗಲಿಲ್ಲ. ಆದರೂ ಇಲ್ಲಿಯವರು ಅದನ್ನು ಅವಮಾನವೆಂದು ಎಣಿಸಲಿಲ್ಲ. ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ನಮ್ಮ ವೆಸ್ಟ್ ರೈಡಿಂಗ್‌ನ 33ನೆಯ ರೆಜಿಮೆಂಟಿಗೆ ಓಟ್ಸ್ ರೊಟ್ಟಿಯ ಹೆಸರಿನಲ್ಲೇ 'ಹೇವರ್‌ಕೇಕ್ ಹುಡುಗರು' ಎಂಬ ಅಡ್ಡಹೆಸರಿತ್ತು. 1799ರಲ್ಲಿ ವೆಲ್ಲೆಸ್ಲಿಯ ಜೊತೆ ಶ್ರೀರಂಗಪಟ್ಟಣಕ್ಕೆ ಬಂದದ್ದು ಇದೇ ರೆಜಿಮೆಂಟ್. ಕೋಟೆಯೊಳಗೆ ರಾಗಿ ಉಂಡವರು, ಹೊರಗೆ ಓಟ್ಸ್ ಉಂಡು ಬೆಳೆದವರು. ಇತಿಹಾಸದ ಮೇಷ್ಟರು ನಮಗೆ ಈ ಪಾಠ ಮಾಡಲೇ ಇಲ್ಲ.

ಮಗಳಿಗೆ ಪಾರ್ಕಿನ್ ಹುಚ್ಚು ಹಿಡಿಸಿದವರು ಎದುರು ಮನೆಯ ಅಜ್ಜಿ. ಅಂಚೆಯವನಿಂದ ಹಿಡಿದು ಎಲ್ಲರನ್ನೂ 'ಲವ್' ಎಂದೇ ಕರೆಯುವ ಈ ಊರಿನ ಹಳೆಯ ಜೀವ. ಅಮ್ಮ ಸಾಗರದಿಂದ ಬಂದಿದ್ದ ವರ್ಷ, ಅಕ್ಟೋಬರ್ ಕೊನೆಯ ಒಂದು ಮಧ್ಯಾಹ್ನ, ಅವರು ನಮ್ಮನ್ನು ತಮ್ಮ ಅಡುಗೆಮನೆಗೆ ಕರೆದರು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ನಾನು ನಡುವೆ ನಿಂತು ಅನುವಾದಿಸಲು ಹೋದರೆ ಇಬ್ಬರಿಗೂ ಅದು ಬೇಕಾಗಿರಲಿಲ್ಲ. ಅಜ್ಜಿ ಹಂದಿಯ ಕೊಬ್ಬಿನ ಪೊಟ್ಟಣವನ್ನು ಎತ್ತಿ ತೋರಿಸಿ, ತಲೆಯಾಡಿಸಿ, ಅದನ್ನು ತಂಗಳುಪೆಟ್ಟಿಗೆಗೆ ವಾಪಸ್ ಇಟ್ಟು ಬೆಣ್ಣೆ ತೆಗೆದರು. ಮೊಟ್ಟೆಯನ್ನೂ ಬಿಟ್ಟು, ಆ ಜಾಗಕ್ಕೆ ಹಾಲು ಸುರಿದರು. ಬೆಣ್ಣೆ, ಕಾಕಂಬಿ, ಕಂದು ಸಕ್ಕರೆ ಮೂರೂ ಸಣ್ಣ ಉರಿಯಲ್ಲಿ ಕರಗಿದವು. ಕುದಿಯಲು ಬಿಡಬಾರದು. ಅಮ್ಮ ಪಾತ್ರೆಯ ಮೇಲೆ ಬಾಗಿ ಮೂಸಿ ನೋಡಿ, "ಇದಕ್ಕೆ ಏಲಕ್ಕಿ ಇಲ್ಲವೆ?" ಎಂದರು. ಇಲ್ಲ ಎಂದೆ. ಅಮ್ಮ ಸುಮ್ಮನಿರುವವರಲ್ಲ. ಎದ್ದು ನಮ್ಮ ಮನೆಗೆ ಹೋಗಿ, ಊರಿಂದ ತಂದಿದ್ದ ಕಾಳುಮೆಣಸನ್ನು ಕುಟ್ಟಿ ಒಂದು ಚಿಟಿಕೆ ಹಿಡಿದುಕೊಂಡು ಬಂದರು. ಅಜ್ಜಿ ಒಂದು ಕ್ಷಣ ಹುಬ್ಬೇರಿಸಿ ಬಟ್ಟಲನ್ನು ಮುಂದಕ್ಕೆ ತಳ್ಳಿದರು.

ಒಲೆಯಿಂದ ಹೊರಬಂದಾಗ ಅದು ಹಲಗೆಯಂತೆ ಗಟ್ಟಿಯಾಗಿತ್ತು. ಕತ್ತರಿಸಲು ಬಿಡಲಿಲ್ಲ. ಕಾಗದ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ನವೆಂಬರ್ 5ರವರೆಗೆ ಮುಟ್ಟಕೂಡದು ಎಂದು ಮಗಳ ಕೈಗೆ ಕೊಟ್ಟರು. ಅವಳು ದಿನಕ್ಕೊಮ್ಮೆ ಮುಚ್ಚಳ ತೆಗೆದು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ದಿನ ಕಳೆದಂತೆ ಅದು ಮೆತ್ತಗಾಗಿ, ಮೇಲೆ ಜಿನುಗಿ, ಬೆರಳಿಗೆ ಅಂಟತೊಡಗಿತು. ಅಂಟಿದರೆ ಹದ ಬಂತು ಎಂದು ಲೆಕ್ಕ.

ಅಮ್ಮನ ಮೆಣಸಿನ ಚಿಟಿಕೆಗೆ ಆಧಾರವಿದೆ ಎಂದು ಆಮೇಲೆ ಓದಿ ತಿಳಿಯಿತು. 15ನೆಯ ಶತಮಾನದ ಇಂಗ್ಲಿಷ್ ಜಿಂಜರ್‌ಬ್ರೆಡ್‌ಗೆ ಜೇನು, ಬ್ರೆಡ್ ಪುಡಿ, ಕೇಸರಿಯ ಜೊತೆ ಕಾಳುಮೆಣಸನ್ನೂ ಹಾಕುತ್ತಿದ್ದರು. ಲಂಡನ್ನಿನಲ್ಲಿ ಮೆಣಸಿನ ವರ್ತಕರ ಸಂಘ 1180ರಷ್ಟು ಹಿಂದೆಯೇ ಇತ್ತು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಅಮ್ಮನ ಊರಿಂದ ಘಟ್ಟ ಇಳಿದರೆ ಸಿಗುತ್ತದೆ. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದದ್ದೂ ಅದೇ ಮೆಣಸಿನ ಆಸೆಗೆ. ಕಾಕಂಬಿಯ ಕಥೆ ಇಷ್ಟು ಖುಷಿಯದಲ್ಲ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದದ್ದರಿಂದಲೇ ಅದು ಬಡವರ ಡಬ್ಬಿಗೂ ಇಳಿಯುವಷ್ಟು ಅಗ್ಗವಾಯಿತು.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಕೂಟಗಳಲ್ಲಿ 'ಇವರದೂ ಒಂದು ಅಡುಗೆಯೇ, ಉಪ್ಪಿಲ್ಲ ಖಾರವಿಲ್ಲ' ಎಂಬ ನಗೆಮಾತು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ನಾವು ಹಳಿಯುವುದು ಬಹುಪಾಲು ಪಡಿತರ ಕಾಲದ ಅಡುಗೆಯನ್ನು. 1940ರ ಜನವರಿಯಲ್ಲಿ ಆರಂಭವಾದ ಪಡಿತರ ಮುಗಿದದ್ದು 1954ರ ಜುಲೈಯಲ್ಲಿ. ಒಬ್ಬರಿಗೆ ವಾರಕ್ಕೆ 2 ಔನ್ಸ್ ಚಹಾಪುಡಿ, 8 ಔನ್ಸ್ ಸಕ್ಕರೆ, ಸಿಕ್ಕರೆ ಒಂದು ಮೊಟ್ಟೆ. ಯುದ್ಧದ ಉದ್ದಕ್ಕೂ ಇಲ್ಲದಿದ್ದ ಬ್ರೆಡ್ಡಿನ ಪಡಿತರ ಯುದ್ಧ ಮುಗಿದ ಮೇಲೆ 1946ರಲ್ಲಿ ಬಂತು. (ಸಸ್ಯಾಹಾರಿಗಳಿಗೆ ಮಾಂಸದ ಬದಲು ಹೆಚ್ಚು ಚೀಸ್ ಕೊಡುತ್ತಿದ್ದರು. ನಮ್ಮಲ್ಲಿ ಕೆಲವರು ಆಗಲೂ ಬದುಕಿಕೊಳ್ಳುತ್ತಿದ್ದರು.) ಯುದ್ಧಕಾಲದಲ್ಲಿ ರಾತ್ರಿ ಬೆಳಕು ಕಾಣಿಸಬಾರದೆಂದು ಬಾನ್‌ಫೈರ್ ಕೂಡ ಇರಲಿಲ್ಲ. ಹದಿನಾಲ್ಕು ವರ್ಷ ಎಂದರೆ ಒಂದು ತಲೆಮಾರಿನ ಮಕ್ಕಳು ನಾಲಿಗೆ ಬಲಿಯುವ ಕಾಲ. 1953ರ ಫೆಬ್ರುವರಿಯಲ್ಲಿ ಮಿಠಾಯಿಗೆ ಪಡಿತರ ಹೋದ ದಿನ ಅಂಗಡಿಯ ಮುಂದೆ ಸಾಲು ನಿಂತದ್ದು ಎದುರು ಮನೆಯ ಅಜ್ಜಿಗೆ ನೆನಪಿದೆ. ಆಗ ಅವರಿಗೆ ಏಳೆಂಟು ವರ್ಷವಂತೆ.

ಆ ಅಜ್ಜಿ ಮನೆ ಮಾರಿದ್ದಾರೆ. ಕ್ರಿಸ್‌ಮಸ್‌ಗೆ ಮೊದಲು ಡೆವನ್‌ನಲ್ಲಿರುವ ಮಗಳ ಮನೆಗೆ ಹೊರಡುತ್ತಾರೆ. ಪಾರ್ಕಿನ್ ಮಾಡುವ ವಿಧಾನವನ್ನು ಹೇಳಿ ಬರೆಸಿದ್ದಾರೆ, ಅದು ಹಿಂಬದಿಯ ಪುಟದಲ್ಲಿದೆ. ನಿಮ್ಮ ಬೀದಿಯಲ್ಲೂ ಇಂಥವರು ಇರುತ್ತಾರೆ. ಹೋಗಿ ಮಾತನಾಡಿಸಿ, ಬರೆದುಕೊಳ್ಳಿ, ಕಳಿಸಿ. ಸಂಕ್ರಾಂತಿ ಸಂಚಿಕೆಯಲ್ಲಿ ಹಾಕೋಣ.

ಇನ್ನು ಸೂಚನೆಗಳು, ಜಾಗ ಕಡಿಮೆ. ರಾಜ್ಯೋತ್ಸವ ಮತ್ತು ದೀಪಾವಳಿ ಕಾರ್ಯಕ್ರಮ ಒಟ್ಟಿಗೆ, ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ, ಎಂದಿನ ಚರ್ಚ್ ಸಭಾಂಗಣದಲ್ಲಿ. ತಟ್ಟೆ, ಲೋಟ ನೀವೇ ತನ್ನಿ. ನಾಟಕದ ಮಕ್ಕಳು ಒಂದು ಗಂಟೆ ಮೊದಲು ಬರಬೇಕು, ಈ ಸಲ ಕಾಯುವುದಿಲ್ಲ. ಸದಸ್ಯತ್ವದ ಹಣ ಬಾಕಿ ಇರುವವರು ಯಾರೆಂದು ಖಜಾಂಚಿಗೆ ಗೊತ್ತು. ಕನ್ನಡ ತರಗತಿ ಭಾನುವಾರ ಹತ್ತಕ್ಕೇ ಇರುತ್ತದೆ, ಗಡಿಯಾರ ಹಿಂದಕ್ಕೆ ತಿರುಗಿಸಿದ್ದೀರಾ ನೋಡಿಕೊಳ್ಳಿ. ಊಟವಾದ ಮೇಲೆ ಕುರ್ಚಿ ಮಡಚಲು, ಪಾತ್ರೆ ತೊಳೆಯಲು ಪ್ರತಿಸಲ ಅದೇ ನಾಲ್ಕೈದು ಜನ ಉಳಿಯುತ್ತಾರೆ. ಅವರಿಗೂ ಬೆನ್ನಿದೆ.

ಈ ಪತ್ರಿಕೆಗೂ ಇನ್ನೊಂದು ಜೊತೆ ಕೈ ಬೇಕು. ಕನ್ನಡ ಟೈಪ್ ಮಾಡಬಲ್ಲವರು, ಕರಡು ತಿದ್ದಬಲ್ಲವರು ಯಾರಿದ್ದರೂ ಸರಿ, ಕಾರ್ಯಕ್ರಮದ ದಿನ ನನ್ನನ್ನು ಹುಡುಕಿ. ಒಬ್ಬರಿಂದ ಇದು ಇನ್ನು ಬಹಳ ಕಾಲ ನಡೆಯುವುದಿಲ್ಲ.

ಕಾರ್ಯಕ್ರಮಕ್ಕೆ ಪಾರ್ಕಿನ್ ತರುವವರು ಹಿಂದಿನ ಶನಿವಾರವೇ ಬೇಯಿಸಿ ಡಬ್ಬಿ ಮುಚ್ಚಿಡಿ. ಮೊಟ್ಟೆ ಹಾಕಿದ್ದರೆ ಮುಚ್ಚಳದ ಮೇಲೆ ಚೀಟಿ ಅಂಟಿಸಿ. ಮೆಣಸು ಹಾಕಿದ್ದರೆ ಹೇಳಬೇಕಾಗಿಲ್ಲ.