ಬ್ರಿಸ್ಟಲ್‌ನಿಂದ ಅಪ್ಪಾಜಿಗೆ: ಮೂವತ್ತು ಸೆಕೆಂಡಿನ ತೀನ್‌ತಾಲ

ಬ್ರಿಸ್ಟಲ್
ಭಾನುವಾರ

ತೀರ್ಥರೂಪ ಅಪ್ಪಾಜಿಯವರಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮಾಳಮಡ್ಡಿಯ ಮನೆಯಲ್ಲಿ ಎಲ್ಲರೂ ಕ್ಷೇಮವೆಂಬುದನ್ನು ಮೊನ್ನೆ ಫೋನಿನಲ್ಲಿ ಕೇಳಿ ಸಮಾಧಾನವಾಯಿತು. ಆದರೆ ಅದೇ ಫೋನಿನಲ್ಲಿ ನೀವು ಕೇಳಿದ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. "ಟೀವ್ಯಾಗ ಮಾತಿನ ಹಿಂದ ಬಾರಿಸೂ ಸಂಗೀತಕ್ಕ ಹೆಸರೂ ಇರಂಗಿಲ್ಲ, ಕೂತು ಕೇಳೂ ಮಂದೀನೂ ಇರಂಗಿಲ್ಲ. ಇಷ್ಟು ವರ್ಷ ಕಲ್ತದ್ದು ಇದಕ್ಕೇನವ್ವಾ?" ಎಂದಿರಿ. ಹೀಗೆ ಕೇಳುವ ಅಧಿಕಾರ ನಿಮಗಿದೆ. ಬೆಳಗಿನ ಐದು ಗಂಟೆಗೆ ನನ್ನನ್ನು ಎಬ್ಬಿಸಿ ತಬಲಾದ ಮುಂದೆ ಕೂಡಿಸಿದವರು ನೀವು. ಆದ್ದರಿಂದ ನಾನು ಇಲ್ಲಿ ದಿನವಿಡೀ ಏನು ಮಾಡುತ್ತೇನೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ಓದಿದ ಮೇಲೆ ನಿಮಗೆ ಅನಿಸಿದ್ದನ್ನು ಹೇಳಿರಿ.

ಈ ಊರಿನಲ್ಲಿ ಪ್ರಾಣಿ, ಪಕ್ಷಿ, ಕಾಡುಗಳ ಬಗೆಗಿನ ಟೀವಿ ಕಾರ್ಯಕ್ರಮಗಳು ಬಹಳ ತಯಾರಾಗುತ್ತವೆ. ಬಿಬಿಸಿಯ ನಿಸರ್ಗ ವಿಭಾಗವು 1957ರಿಂದ ಇಲ್ಲಿಯೇ ಇದೆ. ದೊಡ್ಡ ಕಾರ್ಯಕ್ರಮಗಳಿಗೆ ಅವುಗಳದೇ ಸಂಗೀತ ನಿರ್ದೇಶಕರಿರುತ್ತಾರೆ. ಉಳಿದ ಸಾವಿರಾರು ಗಂಟೆಗಳ ಕಾರ್ಯಕ್ರಮಗಳಿಗೆ, ಜಾಹೀರಾತುಗಳಿಗೆ, ಅಡುಗೆಯ ಮತ್ತು ಪ್ರವಾಸದ ಕಂತುಗಳಿಗೆ ಸಂಗೀತವು ಲೈಬ್ರರಿಗಳಿಂದ ಬರುತ್ತದೆ. ಲೈಬ್ರರಿಯೆಂದರೆ ಪುಸ್ತಕಾಲಯವಲ್ಲ, ಮೊದಲೇ ರಚಿಸಿ, ಧ್ವನಿಮುದ್ರಿಸಿ, ಭಾವಕ್ಕೊಂದರಂತೆ ವಿಂಗಡಿಸಿ ಇಟ್ಟ ಸಂಗೀತದ ಕಣಜ. ಇದು ಇಂಟರ್ನೆಟ್ ಕಾಲದ ವ್ಯಾಪಾರವೆಂದು ನಾನು ತಿಳಿದಿದ್ದೆ. ಆದರೆ ಲಂಡನ್ನಿನ ಡಿ ವುಲ್ಫ್ ಎಂಬ ಸಂಸ್ಥೆ 1909ರಲ್ಲಿಯೇ ಆರಂಭವಾಗಿ, ಮೂಕಿ ಚಿತ್ರಗಳ ಮುಂದೆ ಕುಳಿತು ನುಡಿಸುವವರಿಗೆ ಸ್ವರಲಿಪಿಯ ಹಾಳೆಗಳನ್ನು ಒದಗಿಸುತ್ತಿತ್ತು.

ಲೈಬ್ರರಿಗಾಗಲಿ ಕಾರ್ಯಕ್ರಮ ತಯಾರಿಸುವವರಿಗಾಗಲಿ ವಿಶೇಷವಾದ ಸಂಗೀತ ಬೇಕಾದಾಗ, ಅವರು ನಮ್ಮಂಥ ಹತ್ತಾರು ಜನರಿಗೆ ಒಂದು ಪುಟದ ಟಿಪ್ಪಣಿ ಕಳಿಸುತ್ತಾರೆ. ಅದಕ್ಕೆ ಬ್ರೀಫ್ ಎನ್ನುತ್ತಾರೆ. ಯಾವ ದೃಶ್ಯ, ಯಾವ ಭಾವ, ಯಾವ ಲಯ, ಯಾವ ದಿನದೊಳಗೆ ಬೇಕು ಎಂಬುದು ಅದರಲ್ಲಿರುತ್ತದೆ. ಅನೇಕ ಸಲ ಮಾದರಿಗೆಂದು ಮತ್ತೊಬ್ಬರ ಒಂದು ರಚನೆಯನ್ನೂ ಜೊತೆಗಿಟ್ಟಿರುತ್ತಾರೆ. ಮಾದರಿಯ ಗುಣವನ್ನು ಹಿಡಿಯಬೇಕು, ಅದರ ಒಂದು ಸ್ವರವನ್ನೂ ಕದಿಯಬಾರದು. ನಾಲ್ಕೈದು ದಿನಗಳಲ್ಲಿ ರಚಿಸಿ ಕಳಿಸಿದ ಮೇಲೆ ಒಬ್ಬರದು ಆಯ್ಕೆಯಾಗುತ್ತದೆ, ಉಳಿದವರಿಗೆ ಬಹುಮಟ್ಟಿಗೆ ಉತ್ತರವೂ ಬರುವುದಿಲ್ಲ. ಮೊದಲ ವರ್ಷ ನಾನು ಕಳಿಸಿದ ನಲವತ್ತೊಂದು ರಚನೆಗಳಲ್ಲಿ ಮೂರು ಮಾತ್ರ ಸ್ವೀಕೃತವಾದವು. ಆ ವರ್ಷ ನಿಮಗೆ ಏನನ್ನೂ ಹೇಳಿರಲಿಲ್ಲ. ಮನಸ್ಸಿನಲ್ಲಿ ಬಹಳ ನೋವಿತ್ತು.

ಈಗ ನಿಮ್ಮ ವಿದ್ಯೆ ಎಲ್ಲಿ ಉಪಯೋಗಕ್ಕೆ ಬಂತು ಎಂಬುದನ್ನು ಹೇಳುತ್ತೇನೆ. ಒಂದು ರಚನೆಯನ್ನು ಇಡಿಯಾಗಿ ಕೊಟ್ಟರೆ ಸಾಲದು. ಅದರದೇ ಅರವತ್ತು, ಮೂವತ್ತು, ಹದಿನೈದು ಸೆಕೆಂಡಿನ ರೂಪಗಳು, ಪ್ರಧಾನ ವಾದ್ಯವಿಲ್ಲದ ಒಂದು ರೂಪ, ಪ್ರತಿ ವಾದ್ಯಗುಂಪಿನ ಬೇರೆ ಬೇರೆ ಟ್ರ್ಯಾಕು, ಇಷ್ಟನ್ನೂ ಒಪ್ಪಿಸಬೇಕು. ಸಂಗೀತ ಮೆಲ್ಲನೆ ಕರಗಿ ಹೋಗುವಂತೆ ಮುಗಿಸುವುದನ್ನು ಇವರು ಇಷ್ಟಪಡುವುದಿಲ್ಲ. ಚಿತ್ರವನ್ನು ಜೋಡಿಸುವ ಎಡಿಟರಿಗೆ ಖಚಿತವಾದ ಮುಕ್ತಾಯ ಬೇಕು. ಇಲ್ಲಿಯ ಸಹೋದ್ಯೋಗಿಗಳು ಇದಕ್ಕಾಗಿ ಕೊನೆಯಲ್ಲಿ ಒಂದು ಪೆಟ್ಟು ಕೊಟ್ಟು ನಿಲ್ಲಿಸುತ್ತಾರೆ. ನನಗಾದರೋ ತಿಹಾಯಿ ಇತ್ತು, ಅಂದರೆ ತಬಲಾದ ಒಂದೇ ಬೋಲನ್ನು ಮೂರು ಸಲ ಬಾರಿಸಿ ಮುಗಿಸುವುದು. ಕೇಳುವವರಿಗೆ ತಾಲ ಗೊತ್ತಿರಲಿ ಇಲ್ಲದಿರಲಿ, ಮೂರನೆಯ ಸಲ ಬೋಲ್ ಬಂದಾಗ ಮುಗಿಯಿತೆಂಬುದು ದೇಹಕ್ಕೇ ತಿಳಿಯುತ್ತದೆ.

ಆದರೆ ಲೆಕ್ಕ ಮೊದಲು ತಪ್ಪಿತು. ನಿಮಿಷಕ್ಕೆ 96 ಮಾತ್ರೆಗಳ ಲಯವಿಟ್ಟುಕೊಂಡರೆ ಮೂವತ್ತು ಸೆಕೆಂಡಿಗೆ 48 ಮಾತ್ರೆ, ಅಂದರೆ ಹದಿನಾರು ಮಾತ್ರೆಗಳ ತೀನ್‌ತಾಲದ ಮೂರು ಆವರ್ತನ ಸರಿಯಾಗಿ ಕೂಡುತ್ತದೆಂದು ಹಿಗ್ಗಿದ್ದೆ. ತಿಹಾಯಿಯ ಕೊನೆಯ ಧಾ ಬೀಳುವುದು ನಲವತ್ತೊಂಬತ್ತನೆಯ ಮಾತ್ರೆಯ ಮೇಲೆ, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆಯಾದ ಸಮದ ಮೇಲೆ. ಅದು ಮೂವತ್ತನೆಯ ಸೆಕೆಂಡು ಮುಗಿಯುವ ಕ್ಷಣವೇ ಆಗಿದ್ದರಿಂದ, ಧಾ ಕೇಳಿಸುವ ಮೊದಲೇ ಜಾಹೀರಾತು ಮುಗಿದುಹೋಗುತ್ತಿತ್ತು. ಆಗ ಲಯವನ್ನು 100ಕ್ಕೆ ಏರಿಸಿದೆ. ಈಗ 48 ಮಾತ್ರೆಗಳಿಗೆ 28.8 ಸೆಕೆಂಡು ಬೇಕು. ಧಾ ಸಮಕ್ಕೆ ಬಿದ್ದ ಮೇಲೆ ಅದರ ನಾದಕ್ಕೆ 1.2 ಸೆಕೆಂಡು ಉಳಿಯುತ್ತದೆ. ಅರವತ್ತು ಸೆಕೆಂಡಿನದು ಆರು ಆವರ್ತನ. ಹದಿನೈದರದು ಒಂದೂವರೆ ಆವರ್ತನ, 24 ಮಾತ್ರೆ, 14.4 ಸೆಕೆಂಡು. ಅದನ್ನು ಸಮದಿಂದ ಎತ್ತಲು ಬರುವುದಿಲ್ಲವಾದ್ದರಿಂದ ಒಂಬತ್ತನೆಯ ಮಾತ್ರೆಯಾದ ಖಾಲಿಯಿಂದ ಎತ್ತಿದ್ದೇನೆ. ನೀವು ನನಗೆ ಕಲಿಸಿದ ಮೊಟ್ಟಮೊದಲ ತಿಹಾಯಿಯೇ ಅದರ ಕೊನೆಯ ಎಂಟು ಮಾತ್ರೆಗಳಲ್ಲಿದೆ: ತಿಟಕತ ಗದಿಗನ ಧಾ, ತಿಟಕತ ಗದಿಗನ ಧಾ, ತಿಟಕತ ಗದಿಗನ, ಸಮಕ್ಕೆ ಧಾ. ಒಣಬೇಸಾಯದ ಮೇಲಿನ ಒಂದು ಕಾರ್ಯಕ್ರಮಕ್ಕಾಗಿ ಮಾಡಿದ ಈ ರಚನೆ ಆಯ್ಕೆಯಾಯಿತು. ಆ ಬ್ರೀಫ್‌ನಲ್ಲಿ "ಭಾರತವೆಂದು ತಿಳಿಯಲು ಸಿತಾರ್ ಇರಲಿ" ಎಂದು ಬರೆದಿತ್ತು. ರಹಿಮತ್ ಖಾನರ ಮನೆತನದ ಸಿತಾರ್ ಕೇಳಿ ಬೆಳೆದ ಧಾರವಾಡದವಳಿಗೆ ಸಿತಾರಿನ ಮೇಲೆ ಅನಾದರ ಹೇಗಿದ್ದೀತು? ಆದರೂ ಮಳೆಗಾಗಿ ಕಾಯುವ ಎರೆಹೊಲಕ್ಕೆ ಅದು ಒಪ್ಪುವುದಿಲ್ಲವೆಂದು ಬರೆದು, ತಬಲಾದ ಕೆಳಗೆ ಹಲಗೆವಾದ್ಯದ ನಾದವನ್ನಿಟ್ಟು ಕಳಿಸಿದೆ. ಅವರು ಒಪ್ಪಿದರು.

ಪ್ರಧಾನ ವಾದ್ಯವಿಲ್ಲದ ರೂಪ ಯಾಕೆಂದರೆ, ನಿರೂಪಕರು ಮಾತನಾಡುವಾಗ ಅದೇ ಎತ್ತರದಲ್ಲಿ ಕೊಳಲೋ ಸಾರಂಗಿಯೋ ಹಾಡತೊಡಗಿದರೆ ಮಾತು ಮುಚ್ಚಿಹೋಗುತ್ತದೆ. ಜಾಗ ಬಿಡುವುದನ್ನು ನಾನು ಇಲ್ಲಿ ಬಂದು ಕಲಿಯಬೇಕಾಗಲಿಲ್ಲ. ಗಾಯಕರು ವಿಲಂಬಿತದಲ್ಲಿ ಸ್ವರ ಹಿಡಿದು ನಿಂತಾಗ ನೀವು ತಾಲದ ಮೂಲ ಬೋಲ್‌ಗಳಾದ ಬರೀ ಠೇಕಾ ಕೊಟ್ಟು ಕುಳಿತಿರುತ್ತಿದ್ದುದನ್ನು ನಾನು ಎಷ್ಟೋ ರಾತ್ರಿ ನೋಡಿದ್ದೇನೆ. ಒಂದು ಬೈಠಕ್ ಮುಗಿದ ಮೇಲೆ, ಇಡೀ ರಾತ್ರಿ ಕೈಚಳಕ ತೋರಿಸಿ ವಿಸ್ತರಿಸುವ ಒಂದು ಕಾಯದೆಯನ್ನೂ ಬಾರಿಸಲಿಲ್ಲವಲ್ಲ ಎಂದು ನಾನು ಸಿಟ್ಟಾದಾಗ, "ಹಾಡಿಗೆ ಬೇಕಾಗಿರಲಿಲ್ಲ" ಎಂದು ನೀವು ಹೇಳಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ಆ ಮಾತನ್ನು ಒರೆಗೆ ಹಚ್ಚುತ್ತಲೇ ಇಲ್ಲಿ ನನ್ನ ದಿನ ಕಳೆಯುತ್ತದೆ.

ರಚನೆಗೆ ಹುಡುಕುಪದಗಳನ್ನು ಕೊಡುವ ಕೆಲಸ ಸಣ್ಣದೆಂದು ಕಂಡರೂ ಅರ್ಧ ದಿನ ತಿನ್ನುತ್ತದೆ. ಮಾರವಾ ಎಂದು ಬರೆದರೆ ಯಾವ ಎಡಿಟರೂ ಹುಡುಕುವುದಿಲ್ಲ. ಪಂಚಮವಿಲ್ಲದ, ಷಡ್ಜಕ್ಕೆ ಬರಲೊಲ್ಲದೆ ಅಲೆಯುವ ಆ ಸಂಜೆಯ ರಾಗಕ್ಕೆ "ಮುಸ್ಸಂಜೆ, ತಳಮಳ, ನಿರ್ಧಾರವಾಗದ ಸಂಗತಿ" ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಚ್ಚಿದೆ. ಅದು ಮನೆ ಮಾರುವ ಒಂದು ಕುಟುಂಬದ ದೃಶ್ಯಕ್ಕೆ ಬಳಕೆಯಾಯಿತು.

ಹೆಸರಿನ ಮಾತಿಗೆ ಬರುತ್ತೇನೆ. ಪರದೆಯ ಮೇಲೆ ನನ್ನ ಹೆಸರು ಬರುವುದಿಲ್ಲವೆಂದು ನೀವು ಹೇಳಿದ್ದು ನಿಜ. ಆದರೆ ಪ್ರತಿ ಕಾರ್ಯಕ್ರಮಕ್ಕೂ ಕ್ಯೂ ಶೀಟ್ ಎಂಬ ಒಂದು ಪಟ್ಟಿಯಿರುತ್ತದೆ. ಯಾವ ರಚನೆ, ಯಾರದು, ಎಷ್ಟು ಸೆಕೆಂಡು ಎಂಬುದನ್ನು ಅದರಲ್ಲಿ ಬರೆಯುತ್ತಾರೆ. ಅದನ್ನು ನೋಡಿ ಇಲ್ಲಿಯ ಪಿಆರ್‌ಎಸ್ ಎಂಬ ರಚನಕಾರರ ಹಕ್ಕುಗಳ ಸಂಘವು ವರ್ಷಕ್ಕೆ ನಾಲ್ಕು ಸಲ, ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ರಾಯಧನ ಹಂಚುತ್ತದೆ. ನನ್ನ ಒಪ್ಪಂದಗಳಲ್ಲಿ ಪ್ರಸಾರದ ರಾಯಧನದ ಅರ್ಧ ನನಗೆ, ಅರ್ಧ ಲೈಬ್ರರಿಗೆ. ಎರಡು ವರ್ಷಗಳ ಹಿಂದೆ ನನ್ನ ಒಂದು ರಚನೆ ಒಂದು ಸರಣಿಯ ಆರು ಕಂತುಗಳಲ್ಲಿ ಬಂತು. ಕ್ಯೂ ಶೀಟ್ ತುಂಬಿದವರು ಮಾತ್ರ ರಚನೆಯ ಹೆಸರಿನ ಮುಂದೆ ರಚನಕಾರರ ಜಾಗವನ್ನು ಖಾಲಿ ಬಿಟ್ಟಿದ್ದರು. ಒಂದು ಪೈಸೆಯೂ ಬರಲಿಲ್ಲ. ಪ್ರಸಾರದ ದಿನಾಂಕಗಳನ್ನು ಕೂಡಿಸಿ, ಒಂಬತ್ತು ತಿಂಗಳು ಪತ್ರ ಬರೆದ ಮೇಲೆ ಅವರು ತಿದ್ದಿದರು. ಆ ಖಾಲಿ ಜಾಗವನ್ನು ನೋಡಿದ ದಿನ ನನಗೆ ನಿಮ್ಮ ಪ್ರಶ್ನೆಯ ನೋವು ಅರ್ಥವಾಯಿತು. ಹಣಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ನನ್ನ ಹೆಸರಿರಬೇಕಿತ್ತು.

ಇದೇ ಕಾರಣಕ್ಕೆ ತಮ್ಮನಿಗೆ ಹುಬ್ಬಳ್ಳಿಯಲ್ಲಿ ಯಾರೋ ಕೊಟ್ಟಿರುವ ಸಂಗೀತದ ಒಪ್ಪಂದದ ಕಾಗದಕ್ಕೆ ಸಹಿ ಮಾಡದಂತೆ ಹೇಳಿರಿ. ಒಂದೇ ಸಲಕ್ಕೆ ಇಷ್ಟು ಹಣ, ಮುಂದೆ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿದೆಯೆಂದು ಅವನು ಓದಿ ಹೇಳಿದ. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಧ್ವನಿಮುದ್ರಿಕೆಯಲ್ಲಿ ಬಳಸಿದ ಸಂಗೀತಕ್ಕೆ ಬರುವ ರಾಯಧನದಲ್ಲಿ ರಚನಕಾರರಿಗಿರುವ ಸಮಪಾಲನ್ನು ಅವರು ತಮ್ಮ ವಾರಸುದಾರರಿಗೆ ಅಥವಾ ಹಕ್ಕುಗಳ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಕಾನೂನೇ ಹೇಳುತ್ತದೆ. ಆದ್ದರಿಂದಲೇ ಅವರು "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಬರೆಸಿಕೊಳ್ಳುತ್ತಾರೆ. ಅವನು ಮುಂಬೈಯ ಐಪಿಆರ್‌ಎಸ್ ಸಂಘದ ಸದಸ್ಯನಾಗಲಿ. ಅದು 1969ರಿಂದ ಇದೆ. ಕಾಗದವನ್ನು ಒಬ್ಬ ವಕೀಲರಿಗೆ ತೋರಿಸದೆ ಸಹಿ ಮಾಡುವುದು ಬೇಡ.

ಇನ್ನೊಂದು ಕೆಲಸವನ್ನು ನಿಮ್ಮಿಂದಲೇ ಆಗಬೇಕಾದದ್ದೆಂದು ಕೇಳುತ್ತಿದ್ದೇನೆ. ಜಗ್ಗಲಿಗೆಯ ನಾದವನ್ನೇ ಆಧರಿಸಿ ಹನ್ನೆರಡು ರಚನೆಗಳ ಒಂದು ಆಲ್ಬಮ್ ಮಾಡಲು ಲೈಬ್ರರಿಯವರು ಒಪ್ಪಿದ್ದಾರೆ. ಗಾಡಿಯ ಗಾಲಿಯಷ್ಟು ಅಗಲದ ಆ ವಾದ್ಯದ ಗುಡುಗನ್ನು ಕಂಪ್ಯೂಟರಿನಲ್ಲಿ ಮಾಡಲು ಬರುವುದಿಲ್ಲ. ಬ್ಯಾಹಟ್ಟಿಯ ಕಡೆಯ ಮೇಳದವರು ನಿಮಗೆ ಗುರುತಿನವರು. ಹೋಳಿ ಹುಣ್ಣಿಮೆಯ ಗದ್ದಲ ಮುಗಿದ ಮೇಲೆ ಒಂದು ದಿನ ಅವರನ್ನು ಕೇಳಿ ನೋಡಿರಿ. ಬಯಲಿನಲ್ಲಿ, ಗಾಳಿಯಿಲ್ಲದ ಬೆಳಗಿನ ಹೊತ್ತು, ಒಂದೊಂದೇ ಜಗ್ಗಲಿಗೆಯನ್ನೂ ಆಮೇಲೆ ಎಲ್ಲವನ್ನೂ ಕೂಡಿ ಬಾರಿಸುವುದನ್ನು ನನ್ನ ತಮ್ಮನು ಧ್ವನಿಮುದ್ರಿಸಲಿ. 48 ಕಿಲೋಹರ್ಟ್ಜ್, 24 ಬಿಟ್ ಎಂದು ಇಟ್ಟುಕೊಂಡರೆ ಸಾಕು. ಬಾರಿಸುವ ಮೊದಲೇ ಸಂಭಾವನೆಯನ್ನು ಪ್ರತಿಯೊಬ್ಬರ ಕೈಗೆ ಕೊಡಬೇಕು. ಎಲ್ಲಿ, ಹೇಗೆ, ಯಾವ ದೇಶದಲ್ಲಿ ಬಳಕೆಯಾಗುತ್ತದೆಂಬುದನ್ನು ಕನ್ನಡದಲ್ಲಿ ಬರೆದ ಒಪ್ಪಿಗೆಪತ್ರವನ್ನು ನೀವು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರಿಗೆ ಒಪ್ಪಿಗೆಯಾದರೆ ಮಾತ್ರ ಸಹಿ ಪಡೆಯಬೇಕು. ಹೊಸದಾಗಿ ಬಾರಿಸುವ ಗತ್ತುಗಳು ಅವರವಾದರೆ ಅವರ ಹೆಸರುಗಳೇ ರಚನಕಾರರ ಸಾಲಿನಲ್ಲಿ ನನ್ನ ಹೆಸರಿನ ಜೊತೆ ಹೋಗುತ್ತವೆ; ಲೈಬ್ರರಿಯವರು ಇದನ್ನು ಬರವಣಿಗೆಯಲ್ಲಿ ಒಪ್ಪಿದ್ದಾರೆ. ಶರೀಫಜ್ಜನ ಪದಗಳನ್ನು ಯಾರಾದರೂ ಹಾಡಲು ಮುಂದೆ ಬಂದರೆ ಈ ಸಲ ಬೇಡವೆನ್ನಿರಿ: ಪದಗಳು ಎಲ್ಲರವೂ ಹೌದು, ಆದರೆ ಜನರ ಬಾಯಲ್ಲಿರುವ ಎಷ್ಟೋ ಧಾಟಿಗಳು ಇತ್ತೀಚಿನ ಸಂಗೀತ ಸಂಯೋಜಕರವು.

ಅವ್ವನಿಗೆ ಹೇಳಿರಿ, ಕಳಿಸಿದ ಚಟ್ನಿಪುಡಿ ಮುಟ್ಟಿದೆ, ರೊಟ್ಟಿ ಒಂದೂ ಮುರಿದಿಲ್ಲ.

ಕೊನೆಯದಾಗಿ ಒಂದು ಸಂಶಯ. ಹದಿನೈದು ಸೆಕೆಂಡಿನ ರೂಪದಲ್ಲಿ ಸಮದ ಧಾಕ್ಕೆ 0.6 ಸೆಕೆಂಡು ಮಾತ್ರ ಉಳಿಯುತ್ತದೆ. ಎಡಗೈಯ ಡಗ್ಗಾದ ನಾದ ಅಷ್ಟರಲ್ಲಿ ಮುಗಿಯದೆ ಕತ್ತರಿಸಿದಂತೆ ಕೇಳುತ್ತದೆ. ಎರಡು ಬಗೆ ಮಾಡಿ ತಮ್ಮನ ಫೋನಿಗೆ ಕಳಿಸಿದ್ದೇನೆ: ಒಂದರಲ್ಲಿ ಧಾ ತೆರೆದೇ ಇದೆ, ಇನ್ನೊಂದರಲ್ಲಿ ಬಾರಿಸಿದ ಕೂಡಲೇ ಅಂಗೈಯಿಂದ ಡಗ್ಗಾ ಮುಚ್ಚಿದ್ದೇನೆ. ಮುಚ್ಚಿದ್ದು ಸ್ವಚ್ಛವಾಗಿದೆ, ಆದರೆ ಸಮಕ್ಕೆ ಬಂದ ತೃಪ್ತಿ ಅದರಲ್ಲಿಲ್ಲವೆಂದು ನನ್ನ ಕಿವಿಗೆ ಅನಿಸುತ್ತಿದೆ. ಶುಕ್ರವಾರ ಒಪ್ಪಿಸಬೇಕು. ಗುರುವಾರ ರಾತ್ರಿ ನಿಮ್ಮ ಒಂಬತ್ತು ಗಂಟೆಗೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಎರಡನ್ನೂ ಕೇಳಿ, ಯಾವುದು ಇರಬೇಕೆಂದು ಹೇಳಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು