ಸಭೆಯನ್ನು ಅಷ್ಟಮಿಗೆ ಇಡಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ, ಕಾರವಾರ

ನಮಸ್ಕಾರ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ನಿರ್ವಹಣೆಯ ಬಗ್ಗೆ ಸಭೆ ಕರೆಯುವುದಿದ್ದರೆ ಹೇಗೆ ಕರೆಯಬೇಕು ಎಂದು ಹೇಳಲು ಈ ಪತ್ರ.

ನಾನು ಕುಮಟಾ ತಾಲೂಕಿನವಳು, ಅಘನಾಶಿನಿ ದಂಡೆಯ ಊರು. ಅಮ್ಮ ಇಳಿತದ ಹೊತ್ತು ನೋಡಿ ಸೊಂಟದ ಮಟ್ಟದ ನೀರಿಗಿಳಿದು, ಬಳಚು (ತಿನ್ನುವ ಚಿಪ್ಪು) ಹೆಕ್ಕಿ ಮಾರಿಯೇ ನಮ್ಮನ್ನು ಓದಿಸಿದಳು. 2024ರಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಓದಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ಇನ್ನು ನಮ್ಮನ್ನ ನೀರಿಗೆ ಇಳಿಯೂಕೆ ಬಿಡ್ತಾರಾ?"

ಆ ಭಯ ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಅಳಿವೆಯ ಬಗ್ಗೆ ಒಂದು ಸಭೆ ಕರೆದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ, ತಾಲೂಕು ಕೇಂದ್ರದಲ್ಲಿ, ಜೋರು ಇಳಿತ ಇದ್ದ ದಿನವೇ. ಹೆಂಗಸರೆಲ್ಲ ನೀರಿನಲ್ಲಿದ್ದರು. ಸಭೆಯಲ್ಲಿ ಅವರ ಪರವಾಗಿ ಮಾತಾಡಿದವರು ಬಳಚು ಹೆಕ್ಕಿದವರಲ್ಲ.

ಮಾನ್ಯರೇ, ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ಚಿಪ್ಪು ಎಲ್ಲಿ ಸಾಯುತ್ತದೆ, ಮರಳು ತೆಗೆದ ಗುಂಡಿಯಲ್ಲಿ ಮತ್ತೆ ಹುಟ್ಟುತ್ತದೋ ಇಲ್ಲವೋ, ಎಷ್ಟು ದೊಡ್ಡದಾದ ಮೇಲೆ ಹೆಕ್ಕಬೇಕು, ಇದೆಲ್ಲ ಬಳಚು ಹೆಕ್ಕುವ ಹೆಂಗಸರ ಕಾಲಿಗೆ ಗೊತ್ತು. ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ದಂಡೆಗದ್ದೆಗಳ, ರೈತರನ್ನೂ ಕೇಳಿ. ಉಪ್ಪುನೀರು ತಡೆದು ನಿಲ್ಲುವ ಕಗ್ಗ ಭತ್ತವನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದು ಅವರು. ಒಡ್ಡು ಒಡೆದರೆ ಒಬ್ಬನ ಗದ್ದೆಯಷ್ಟೇ ಹೋಗುವುದಿಲ್ಲ. ಹಾಗಾಗಿ ಮೊದಲೆಲ್ಲ ಊರಿಗೆ ಊರೇ ಸೇರಿ ಕಟ್ಟುತ್ತಿತ್ತು. ಈಗ ಆ ಒಗ್ಗಟ್ಟೂ ಸಡಿಲಾಗಿದೆ, ಬೀಜವೂ ಕಡಿಮೆಯಾಗಿದೆ. ನನಗೆ ಹೆಚ್ಚು ಸಂಕಟ ಕೊಡುವುದು ಇದೇ.

ಜನರ ಕೈಗೆ ಕೊಟ್ಟರೆ ಹಾಳಾಗುತ್ತದೆ ಎನ್ನುವವರಿಗೆ ನಮ್ಮ ತಾಲೂಕಿನ ಹಳಕಾರ ತೋರಿಸಿ. ಬ್ರಿಟಿಷರ ಕಾಲದಿಂದ ಅಲ್ಲಿ ಊರಿನವರದೇ ಅರಣ್ಯ ಪಂಚಾಯತಿ ಇದೆ, ಕಾಡನ್ನು ಕಾದದ್ದು ಅವರೇ. 1983ರಲ್ಲಿ ಶಿರಸಿಯ ಸಲ್ಕಣಿ ಊರಿನವರು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡಾಗ ಅವರನ್ನು ಯಾರೂ ಸಭೆಗೆ ಕರೆದಿರಲಿಲ್ಲ.

ಅಳಿವೆಯ ನಿರ್ವಹಣೆಗೆ ಯಾವ ಯೋಜನೆ ಬರೆದರೂ ಬಳಚು ಹೆಕ್ಕುವ ಹೆಂಗಸರು, ಗಜನಿ ರೈತರು, ಬಲೆ ಬೀಸುವವರು ಸಮಿತಿಯಲ್ಲಿ ಸದಸ್ಯರಾಗಿರಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತು ಮತ್ತು ಅದರ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಮ್ಮ ಭಾಗದ ದಾಖಲಾತಿಯನ್ನು ಈ ಜನರ ಎದುರು ಓದಿಸಿ, ತಪ್ಪಿದ್ದನ್ನು ಅವರೇ ತಿದ್ದಲಿ.

ಸಭೆಯನ್ನು ದಂಡೆಯ ಊರಿನಲ್ಲೇ ಇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬೇಡ, ಆಗ ಇಳಿತ ಜೋರು, ಯಾರೂ ಬರಲಾರರು. ಅಷ್ಟಮಿ ಹೊತ್ತಿಗೆ ನೀರು ಹೆಚ್ಚು ಇಳಿಯುವುದಿಲ್ಲ. ಅವತ್ತು ಅಮ್ಮನೂ ಬರುತ್ತಾಳೆ.

ಇತಿ,
ಅಘನಾಶಿನಿ ದಂಡೆಯ ಮಗಳು