ಸ್ಪ್ಯಾನಿಶ್ ಕ್ಲಾಸಿಗೆ ನಮ್ಮ ‘ನೀನು–ನೀವು’ ಯಾಕೆ ಬರಲ್ಲ?

ಸಂಪಾದಕರೇ,

ಹೋದ ವರ್ಷದಿಂದ ಜಯನಗರದ ಹತ್ರ ಒಂದು ಕಡೆ ಶನಿವಾರ ಭಾನುವಾರ ಸ್ಪ್ಯಾನಿಶ್ ಕ್ಲಾಸಿಗೆ ಹೋಗ್ತಿದ್ದೀನಿ. ನಂಗೆ 47, ಪಕ್ಕದಲ್ಲಿ ಕೂರೋರೆಲ್ಲ ನನ್ನ ಮಗಳ ವಯಸ್ಸಿನೋರು. ಆಫೀಸಲ್ಲಿ ಕೊಲಂಬಿಯಾ, ಮೆಕ್ಸಿಕೋ ಕ್ಲೈಂಟ್‌ಗಳು ಜಾಸ್ತಿ ಆದ್ರು ಅಂತ ಸೇರ್ಕೊಂಡಿದ್ದು. ಮೇಡಂ ಬಗ್ಗೆ ದೂರಿಲ್ಲ, ಪಾಪ ಗಂಟಲು ಹರ್ಕೊಂಡು ಕಲಿಸ್ತಾರೆ. ನನ್ನ ತಕರಾರು ಬೇರೆ.

‘ತೂ’ ಅಂದ್ರೆ ನೀನು, ‘ಉಸ್ತೆದ್’ ಅಂದ್ರೆ ನೀವು. ಕನ್ನಡದೋರಿಗೆ ಎರಡು ಸೆಕೆಂಡಿನ ಕೆಲಸ. ಆದ್ರೆ ಕ್ಲಾಸು ನಡೆಯೋದು ಇಂಗ್ಲಿಷಲ್ಲಿ, ಅಲ್ಲಿ ಇರೋದೇ ಒಂದು ‘ಯೂ’, ಹಾಗಾಗಿ ಬೋರ್ಡ್ ಮೇಲೆ ಫಾರ್ಮಲ್ ಯೂ, ಇನ್‌ಫಾರ್ಮಲ್ ಯೂ ಅಂತ ಬರೆದು, ಫ್ರೆಂಡ್ಸಿಗೆ ಇದು ಬಾಸಿಗೆ ಅದು ಅಂತ ಹೇಳಿ ಹತ್ತು ನಿಮಿಷದಲ್ಲಿ ಮುಂದಿನ ಪೇಜಿಗೆ ಹೋಗಿಬಿಟ್ರು. ಏಕವಚನದಲ್ಲಿ ಮಾತಾಡಿದ ಅಂತ ಸಿಗ್ನಲ್ಲಲ್ಲಿ ಗಾಡಿ ನಿಲ್ಸಿ ಜಗಳಕ್ಕೆ ಇಳಿಯೋ ಊರಿನೋರಿಗೆ ಇದನ್ನ ಇಂಗ್ಲಿಷ್ ಸುತ್ತಿ ಬಂದು ಹೇಳ್ಕೊಡಬೇಕಾ?

ಇನ್ನೊಂದು. ಉಸ್ತೆದ್‌ಗೆ ಕ್ರಿಯಾಪದ ‘ಅವನು, ಅವಳು’ಗೆ ಬರೋದೇ ಬರುತ್ತೆ. ಯಾಕೆ ಅಂತ ಒಬ್ಬ ಹುಡುಗ ಕೇಳಿದ್ದಕ್ಕೆ ಬಾಯಿಪಾಠ ಮಾಡ್ಕೊಳ್ಳಿ ಅಂದ್ರು. ಕಾರಣ ಇದೆ ಸ್ವಾಮಿ. ‘ವುಯೆಸ್ತ್ರಾ ಮೆರ್ಸೆದ್’, ಅಂದ್ರೆ ಹೆಚ್ಚುಕಮ್ಮಿ ‘ತಮ್ಮ ಕೃಪೆ’, ಅದು ಸವೆದು ಸವೆದು ಉಸ್ತೆದ್ ಆಗಿದ್ದು. ದೊಡ್ಡೋರ ಮುಖ ನೋಡಿ ನೇರ ಮಾತಾಡಕ್ಕೆ ಅಂಜಿ ಅವರ ಕೃಪೆ ಜೊತೆ ಮಾತಾಡೋದು. ನಾವು ಮಠದಲ್ಲಿ ಸ್ವಾಮೀಜಿ ಎದುರಿಗೇ ನಿಂತ್ಕೊಂಡು ‘ಸನ್ನಿಧಾನ ದಯಮಾಡಿಸಬೇಕು’ ಅನ್ನಲ್ವಾ, ಅದೇ ಕಥೆ.

ಒಂದ್ಸಲ ಕೊಲಂಬಿಯಾದ ಬೊಗೊಟಾದವರ ಜೊತೆ ಕಾಲ್‌ನಲ್ಲಿ ಇದ್ದಾಗ ಆ ಕಡೆಯವರು ಮಧ್ಯದಲ್ಲಿ ತಮ್ಮನ ಹತ್ರ ಏನೋ ಮಾತಾಡಿದ್ರು, ಬರೀ ಉಸ್ತೆದ್ ಉಸ್ತೆದ್. ಅಣ್ಣ ತಮ್ಮ ಮುನಿಸ್ಕೊಂಡಿದ್ದಾರೆ ಅಂದ್ಕೊಂಡೆ! ಆಮೇಲೆ ಗೊತ್ತಾಯ್ತು, ಆ ಕಡೆ ಮನೆಯೊಳಗೂ ಉಸ್ತೆದ್ ಸಾಮಾನ್ಯವಂತೆ. ಅರ್ಜೆಂಟೀನಾದಲ್ಲಿ ತೂ ಬದಲು ‘ವೋಸ್’. ನಮ್ಮ ಪುಸ್ತಕ ಸ್ಪೇನಿಂದು, ಅದರಲ್ಲಿ ವೋಸ್‌ಗೆ ಮೂಲೇಲಿ ಒಂದು ಸಾಲು, ಲ್ಯಾಟಿನ್ ಅಮೆರಿಕದ ಜನ ದಿನಬಳಕೇಲಿ ಮುಟ್ಟದೇ ಇರೋ ‘ವೊಸೋತ್ರೋಸ್’ಗೆ (ಸಲುಗೆಯ ‘ನೀವೆಲ್ಲ’) ಮಾತ್ರ ಪ್ರತಿ ಪಾಠದಲ್ಲೂ ಜಾಗ. ಯಾರ ಮಾತು ಪುಸ್ತಕದ ಮಾತು ಆಗುತ್ತೆ ಅನ್ನೋದು ಮಂಡ್ಯ, ಧಾರವಾಡದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬ್ರೇಕಲ್ಲಿ ಟೀ ಕುಡೀತಾ ಕನ್ನಡದಲ್ಲಿ ಇದೇ ಮಾತು ಬಂತು. ಅಮ್ಮನಿಗೆ ನೀನು, ಅಪ್ಪನಿಗೆ ನೀವು ಅಂತ ಮೂರು ಜನ ಅಂದ್ರು. ನಮ್ಮನೇಲೂ ಅಷ್ಟೇ, ಹೆಂಡತಿ ನಂಗೆ ‘ರೀ ನೀವು’, ನಾನು ಅವಳಿಗೆ ‘ಏ, ಬಾ ಇಲ್ಲಿ’. ಒಬ್ಬ ಹುಡುಗಿ ಹೇಳಿದ್ಳು, ಅವರ ಮನೇಲಿ ಅಡುಗೆ ಮಾಡೋ ಅಮ್ಮನಿಗೆ ಐವತ್ತು ದಾಟಿದೆ, ಎಂಟು ವರ್ಷದ ತಮ್ಮ ಅವರನ್ನ ನೀನು ತಾನು ಅಂತಾನೆ, ಯಾರೂ ತಿದ್ದಿಲ್ಲ, ನಾನೂ ತಿದ್ದಿಲ್ಲ ಅಂತ. ಎಲ್ಲರೂ ಟೀ ಲೋಟ ನೋಡ್ತಾ ನಿಂತ್ವಿ.

ಮೆಕ್ಸಿಕೋದಲ್ಲಿ ದೊಡ್ಡೋರು ಕರೆದ್ರೆ ‘ಮಾಂದೆ?’ ಅಂತಾರೆ, ಅಕ್ಷರಶಃ ‘ಅಪ್ಪಣೆ ಮಾಡಿ’ ಅಂತ. ಅದು ಗುಲಾಮಗಿರಿ ಕಾಲದ್ದು ಬಿಡಿ ಅನ್ನೋರೂ ಅಲ್ಲಿದ್ದಾರೆ, ಅಯ್ಯೋ ಬರೀ ಮರ್ಯಾದೆ ಅಷ್ಟೇ ಅನ್ನೋರೂ ಇದ್ದಾರೆ. ನಮ್ಮ ತಾತನ ಗದ್ದೆಗೆ ಬರ್ತಿದ್ದ ಆಳುಗಳು ಮಾತುಮಾತಿಗೂ ‘ಹೂಂ ಬುದ್ಧಿ’ ಅಂತಿದ್ದದ್ದು ನನ್ನ ಕಿವೀಲಿ ಇನ್ನೂ ಇದೆ. ಮಾಂದೆ ಅರ್ಥ ಆಗಕ್ಕೆ ನಂಗೆ ಇಂಗ್ಲಿಷ್ ಬೇಕಾಗೇ ಇಲ್ಲ.

‘ಇಂದಿಯೋ’ ವಿಷ್ಯನೂ ಹೀಗೇ. ಪುಸ್ತಕದ ಪ್ರಕಾರ ಭಾರತೀಯ ಅಂದ್ರೆ ಇಂದಿಯೋ. ಆದ್ರೆ 1492ರಲ್ಲಿ ಕೊಲಂಬಸ್ ಮಾಡ್ಕೊಂಡ ತಪ್ಪಿಂದ ಅಲ್ಲಿನ ಮೂಲನಿವಾಸಿಗಳಿಗೆ ಆ ಹೆಸರು ಅಂಟ್ಕೊಂಡು, ಈಗ ಎಷ್ಟೋ ಕಡೆ ಅದು ಬೈಗುಳ. ಅದಕ್ಕೇ ಲ್ಯಾಟಿನ್ ಅಮೆರಿಕದಲ್ಲಿ ನಮ್ಮ ದೇಶದೋರನ್ನೆಲ್ಲ ‘ಹಿಂದು’ ಅಂತಾರೆ (ಹ ಉಚ್ಚಾರ ಇಲ್ಲ, ಕೇಳಕ್ಕೆ ‘ಇಂದೂ’), ನಿಘಂಟಲ್ಲೂ ಆ ಅರ್ಥ ಇದೆ. ನಮ್ಮ ಕ್ಲಾಸಲ್ಲಿರೋ ಶಿವಾಜಿನಗರದ ಮುಸ್ಲಿಂ ಹುಡುಗಿ ತನ್ನನ್ನ ಏನಂತ ಪರಿಚಯ ಮಾಡ್ಕೋಬೇಕು? ಇದು ಮೊದಲನೇ ಪಾಠದಲ್ಲೇ ಬರೋ ಪ್ರಶ್ನೆ, ನಾವಿನ್ನೂ ಅದಕ್ಕೆ ಬಂದಿಲ್ಲ.

ವಾರಕ್ಕೆ ಅರ್ಧ ಗಂಟೆ ಸಾಕು, ಕನ್ನಡದಲ್ಲಿ ಇದನ್ನ ಮಾತಾಡಕ್ಕೆ ಬಿಡಿ ಅಂತ ಕ್ಲಾಸ್ ನಡೆಸೋರಿಗೆಲ್ಲ ಕೇಳ್ಕೋತೀನಿ. ಕನ್ನಡ ಬರದೇ ಇರೋ ಹುಡುಗ್ರಿಗೆ ತಮಿಳಲ್ಲೋ ಹಿಂದೀಲೋ ಇರೋದು ಇದೇ ತಾನೇ. ಮುಂದಿನ ತಿಂಗಳು ನಮ್ಗೆ ವಿಧ್ಯರ್ಥದ ಪಾಠ. ‘ವೆನ್’ ಅಂದ್ರೆ ಬಾ, ‘ವೆಂಗಾ’ ಅಂದ್ರೆ ಬನ್ನಿ. ಇಂಗ್ಲಿಷಲ್ಲಿ ಇದನ್ನ ಹೇಗೆ ಬಿಡಿಸ್ತಾರೋ ನೋಡ್ಬೇಕು.

– ಒಬ್ಬ ಓದುಗ, ಬನಶಂಕರಿ, ಬೆಂಗಳೂರು